ಪಕ್ಕದ ತೋಟದಲ್ಲಿ ಎಣ್ಣೆ (ಕೀಟನಾಶಕ) ಹೊಡೆದರೆ ನಮ್ಮ ಜೇನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಹಾನಗಲ್ ತಾಲ್ಲೂಕಿನವರು. ನಮ್ಮ ಸ್ತ್ರೀಶಕ್ತಿ ಸಂಘದವರೆಲ್ಲ ಸೇರಿ ಎರಡು ವರ್ಷದ ಹಿಂದೆ 20 ತುಡುವೆ ಜೇನುಪೆಟ್ಟಿಗೆ ಇಟ್ಟೆವು. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಈ ಸಲ ಮಾವು ಹೂ ಬಿಟ್ಟ ಹೊತ್ತಿಗೆ ಒಂದೇ ವಾರದಲ್ಲಿ 11 ಪೆಟ್ಟಿಗೆ ಹಾಳಾದವು. ಪೆಟ್ಟಿಗೆಯ ಮುಂದೆ ನೊಣಗಳು ರಾಶಿ ರಾಶಿ ಸತ್ತು ಬಿದ್ದಿದ್ದವು. ಪಕ್ಕದ ತೋಟದಲ್ಲಿ ಎಣ್ಣೆ ಹೊಡೆದದ್ದರಿಂದ ಹೀಗಾಯಿತು ಅಂತ ನಾವು, ನಿಮ್ಮ ಜೇನಿಗೇ ರೋಗ ಬಂದಿದೆ ಅಂತ ತೋಟದವರು. ಊರೊಳಗೆ ಜಗಳ ಬೇಡ, ಆದರೆ ಸುಮ್ಮನೆ ಕೂರಲೂ ಆಗುತ್ತಿಲ್ಲ. ಏನು ಮಾಡಬೇಕು, ಯಾರನ್ನು ಕೇಳಬೇಕು?

ಉತ್ತರ: ಮೊದಲು ರೋಗವೋ ವಿಷವೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ. ಮುಂದೆ ತೋಟದವರ ಜೊತೆ ಆಡುವ ಮಾತು, ಕಚೇರಿಗೆ ಕೊಡುವ ಅರ್ಜಿ, ಎಲ್ಲವೂ ನಿಲ್ಲುವುದು ಇದರ ಮೇಲೆ.

ತೋಟದವರು ರೋಗ ಅಂದದ್ದು ಪೂರ್ತಿ ನೆಪವೇನಲ್ಲ. 1991–92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಕಾಲಿಟ್ಟ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಅಳಿಸಿಹಾಕಿತ್ತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಸಾಲು ಸಾಲು ಪೆಟ್ಟಿಗೆಗಳು ಖಾಲಿಯಾದದ್ದನ್ನು ಹಳಬರು ಇವತ್ತಿಗೂ ಹೇಳುತ್ತಾರೆ. ಆದರೆ ಆ ರೋಗ ಕೊಲ್ಲುವುದು ಮರಿಹುಳುಗಳನ್ನು. ಸತ್ತ ಮರಿ ಕೋಶದೊಳಗೆ ಉದ್ದಕ್ಕೆ ಚಾಚಿಕೊಂಡು ತಲೆ ಮೇಲೆತ್ತಿ ಬಿದ್ದಿರುತ್ತದೆ. ಚಿಮಟದಿಂದ ಮೆಲ್ಲಗೆ ಎತ್ತಿದರೆ ಒಳಗೆ ನೀರು ತುಂಬಿಕೊಂಡ ತೆಳು ಚೀಲವಾಗಿ ಇಡಿಯಾಗಿ ಮೇಲೆ ಬರುತ್ತದೆ. ದೊಡ್ಡ ನೊಣಗಳು ರಾಶಿ ಬೀಳುವುದಿಲ್ಲ. ಕುಟುಂಬ ದಿನದಿಂದ ದಿನಕ್ಕೆ ಸೊರಗಿ, ಕೊನೆಗೊಂದು ದಿನ ಗೂಡು ಬಿಟ್ಟು ಹಾರಿಹೋಗುತ್ತದೆ.

ವಿಷದ ಲಕ್ಷಣ ಬೇರೆ. ಹಾರುವ ದೊಡ್ಡ ನೊಣಗಳೇ ಮೊದಲು ಬೀಳುತ್ತವೆ. ಪೆಟ್ಟಿಗೆ ಬಾಗಿಲ ಮುಂದೆ ಬಿದ್ದ ನಾಲ್ಕು ನೊಣಗಳನ್ನು ಅಂಗೈ ಮೇಲಿಟ್ಟು ನೋಡಿ: ನಾಲಿಗೆ ಪೂರ್ತಿ ಹೊರಗೆ ಚಾಚಿರುತ್ತದೆ, ರೆಕ್ಕೆ ಅಗಲಿಸಿಕೊಂಡಿರುತ್ತದೆ, ಎಷ್ಟೋ ನೊಣಗಳ ಹಿಂಗಾಲಿಗೆ ಪರಾಗದ ಉಂಡೆ ಅಂಟಿದಂತೆಯೇ ಇರುತ್ತದೆ. ಇನ್ನೂ ಜೀವ ಇರುವವು ಬೆನ್ನ ಮೇಲೆ ಬಿದ್ದು ಗಿರಗಿರ ತಿರುಗುತ್ತಿರುತ್ತವೆ, ನಡುಗುತ್ತ ತೆವಳುತ್ತಿರುತ್ತವೆ. ಕಾವಲು ನೊಣಗಳು ಹೊರಗಿಂದ ಬಂದ ತಮ್ಮವರನ್ನೇ ಒಳಗೆ ಬಿಡದೆ ಕಚ್ಚಾಡುತ್ತವೆ. ಮುಚ್ಚಳ ತೆಗೆದರೆ ರಾಣಿ ಇದೆ, ಮೊಟ್ಟೆ ಮರಿ ಇವೆ, ನೋಡಿಕೊಳ್ಳುವವರು ಮಾತ್ರ ಒಂದು ಹಿಡಿಯಷ್ಟು. ಕಾವು ಸಿಗದೆ ಮರಿಗಳು ಎರಡು ಮೂರು ದಿನದಲ್ಲಿ ಸಾಯುತ್ತವೆ, ಆಮೇಲೆ ಇರುವೆ, ಮೇಣದ ಹುಳು ನುಗ್ಗುತ್ತವೆ. ಜನ ಬಂದು ನೋಡುವ ಹೊತ್ತಿಗೆ ಕಾಣುವುದು ಮೇಣದ ಹುಳುವಿನ ಬಲೆ ಮಾತ್ರ. ಹುಳ ಬಿದ್ದು ಹೋಯಿತು ಎಂದು ತೀರ್ಮಾನ ಮಾಡುತ್ತಾರೆ. ಹುಳ ಬಂದದ್ದು ಕುಟುಂಬ ಕುಸಿದ ಮೇಲೆ.

ಒಂದೇ ವಾರದಲ್ಲಿ 11 ಪೆಟ್ಟಿಗೆ, ಮುಂದೆ ಸತ್ತ ನೊಣಗಳ ರಾಶಿ, ಅದೂ ಮಾವಿನ ಹೂವಿನ ಕಾಲದಲ್ಲಿ. ನೀವು ಬರೆದ ಪ್ರಕಾರ ಇದು ವಿಷವೇ. ಉಳಿದ 9 ಪೆಟ್ಟಿಗೆಗಳ ಮರಿಕೋಶ ಬಿಚ್ಚಿ ನೋಡಿ. ಮರಿ ಬಿಳಿಯಾಗಿ, ಹೊಳಪಾಗಿ, ಸುರುಳಿ ಸುತ್ತಿ ಮಲಗಿದ್ದರೆ ನಿಮ್ಮ ಮಾತು ಗಟ್ಟಿ.

ಇನ್ನು ಪಕ್ಕದ ತೋಟ. ನೀವು ಪಕ್ಕದ ಒಂದು ತೋಟದ ಮೇಲೆ ಮಾತ್ರ ಕಣ್ಣಿಟ್ಟಿದ್ದೀರಿ. ತುಡುವೆ ಜೇನು ಸಾಮಾನ್ಯವಾಗಿ ಮೇಯುವುದು ಒಂದು ಕಿಲೋಮೀಟರಿನ ಆಸುಪಾಸು. ಲೆಕ್ಕ ಹಾಕಿ: ಪೆಟ್ಟಿಗೆಯನ್ನು ನಡುವಿಟ್ಟು ಒಂದು ಕಿಲೋಮೀಟರಿನ ಸುತ್ತು ಹಾಕಿದರೆ ಅದರೊಳಗೆ ಸುಮಾರು 775 ಎಕರೆ ಬರುತ್ತದೆ. ನಿಮ್ಮ ಭಾಗದಲ್ಲಿ ಅದು ಹತ್ತಿಪ್ಪತ್ತು ಮನೆತನದ ಜಮೀನಲ್ಲ, ಇನ್ನೂರು ಮುನ್ನೂರು ಮನೆಯದು. ಅದರಲ್ಲಿ ಮಾವಿದೆ, ಗೋವಿನಜೋಳವಿದೆ, ಹತ್ತಿಯಿದೆ, ಮೆಣಸಿನಗಿಡವಿದೆ. ಪೆಟ್ಟಿಗೆ ನಿಮ್ಮ ಸಂಘದ್ದಾದರೂ ಜೇನು ಸಾಕುತ್ತಿರುವುದು ಆ 775 ಎಕರೆಯ ಎಲ್ಲರೂ. ಅವರಿಗೆ ಅದು ಗೊತ್ತಿಲ್ಲ, ಅಷ್ಟೇ. ಸಂಘದ ಮೊದಲ ಕೆಲಸ ಅವರಿಗೆ ಗೊತ್ತು ಮಾಡಿಸುವುದು. ಚೌಕಟ್ಟು ನೋಡುವುದು, ಸಕ್ಕರೆ ಪಾಕ ಇಡುವುದು, ಜೇನು ತೆಗೆಯುವುದು ಎಲ್ಲ ಆಮೇಲಿನ ಮಾತು. ತರಬೇತಿಗಳಲ್ಲಿ ಇದನ್ನು ಕಲಿಸುವುದಿಲ್ಲ ಎಂಬುದು ನನಗೆ ಬಹಳ ದಿನದ ಬೇಸರ. ಪೆಟ್ಟಿಗೆ, ಮುಖದ ಪರದೆ, ಹೊಗೆತಿದಿ ಕೊಟ್ಟು ಕಳಿಸುತ್ತಾರೆ. ಸುತ್ತಲಿನ ಹೊಲದವರೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಮಾತಾಡಲು ಹೋಗುವ ಮುನ್ನ ತೋಟದವರ ಕಷ್ಟ ನಿಮಗೆ ತಿಳಿದಿರಬೇಕು. ಮಾವು ಹೂ ಬಿಡುವಾಗ ಜಿಗಿಹುಳು ಮತ್ತು ಬೂದಿರೋಗ ಎರಡೂ ಬರುತ್ತವೆ. ಜಿಗಿಹುಳು ಹೂಗೊಂಚಲಿನ ರಸ ಹೀರಿದರೆ ಹೂವೆಲ್ಲ ಒಣಗಿ ಉದುರುತ್ತದೆ, ವರ್ಷದ ಫಸಲೇ ಹೋಗುತ್ತದೆ. ಭಯ ನಿಜವಾದದ್ದು. ಆ ಭಯದಲ್ಲಿ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಲ್ಯಾಂಬ್ಡಾ ಸೈಹಾಲೋಥ್ರಿನ್‌ನಂಥ ಕೀಟನಾಶಕ ಹೊಡೆಯುತ್ತಾರೆ. ಬೂದಿರೋಗಕ್ಕೆಂದು ಹೆಕ್ಸಾಕೊನಜೋಲ್ ಅನ್ನೂ ಅದೇ ಡ್ರಮ್ಮಿಗೆ ಸುರಿಯುತ್ತಾರೆ. ಈ ಬೆರಕೆಯೇ ದೊಡ್ಡ ಅಪಾಯ. ಜೇನಿನ ಮೈಯೊಳಗೆ ವಿಷವನ್ನು ಕರಗಿಸಿ ಹೊರಹಾಕುವ ಕಿಣ್ವಗಳಿವೆ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಜಾತಿಯ ಶಿಲೀಂಧ್ರನಾಶಕಗಳು ಆ ಕಿಣ್ವಗಳನ್ನು ಕಟ್ಟಿಹಾಕುತ್ತವೆ. ಹಾಗಾಗಿ ಜೊತೆಗಿರುವ ಕೆಲವು ಕೀಟನಾಶಕಗಳು ಜೇನಿನ ಮಟ್ಟಿಗೆ ಹಲವು ಪಟ್ಟು ಹೆಚ್ಚು ವಿಷವಾಗುತ್ತವೆ. ಬೂದಿರೋಗಕ್ಕೆ ನೀರಲ್ಲಿ ಕರಗುವ ಗಂಧಕ ಸಾಕಾಗುವ ಕಡೆ ಅದನ್ನೇ, ಅದೂ ಬೇರೆಯಾಗಿ ಹೊಡೆದರೆ ಜೇನಿಗೆ ಎಷ್ಟೋ ವಾಸಿ.

ಡಬ್ಬಿಯ ಮೇಲಿನ ಬಣ್ಣ ನೋಡಿ ಮೋಸಹೋಗುವವರೂ ಬಹಳ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಮನುಷ್ಯನಿಗೆ, ಸಸ್ತನಿಗಳಿಗೆ ಎಷ್ಟು ಬೇಗ ವಿಷವೇರುತ್ತದೆ ಎಂಬುದನ್ನು ಹೇಳುತ್ತವೆಯೇ ಹೊರತು ಜೇನಿನ ವಿಚಾರವನ್ನಲ್ಲ. ಥಯಾಮೆಥಾಕ್ಸಾಮ್ 25 ಡಬ್ಲ್ಯುಜಿ (ನೀರಲ್ಲಿ ಕಲಸುವ ಹರಳಿನ ರೂಪದ್ದು) ಡಬ್ಬಿ ಮೇಲೆ ನೀಲಿ ಗುರುತು. ‘ಇದೇನು ಅಂಥ ವಿಷ ಅಲ್ಲ’ ಎಂದು ಅಂಗಡಿಯವರು ಹೇಳಿ ಕೊಡುತ್ತಾರೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಐದು ಪಾಲು ಒಂದೊಂದು ನೊಣದ ಹೊಟ್ಟೆಗೆ ಹೋದರೆ ಸಾಕು, ಜೇನುನೊಣಗಳಲ್ಲಿ ಅರ್ಧಕ್ಕರ್ಧ ಸಾಯುತ್ತವೆ. ಇಂಥ ಹಲವು ಔಷಧಗಳ ಜೊತೆ ಬರುವ ಮಡಿಚಿದ ಚೀಟಿಯಲ್ಲೇ ಜೇನಿಗೆ ವಿಷ, ಜೇನು ಮೇಯುವ ಹೊತ್ತಿನಲ್ಲಿ ಹೊಡೆಯಬೇಡಿ ಎಂದು ಬರೆದಿರುತ್ತದೆ. ಅಕ್ಷರ ಬಹಳ ಸಣ್ಣದು, ಓದಿದವರಿಲ್ಲ; ಚೀಟಿ ಹೊಲದಲ್ಲೇ ಗಾಳಿಗೆ ಹಾರಿಹೋಗುತ್ತದೆ. ಒಂದು ಚೀಟಿ ಹುಡುಕಿ ತನ್ನಿ, ಆ ಸಾಲಿಗೆ ಕೆಂಪು ಗೆರೆ ಎಳೆದು ಇಟ್ಟುಕೊಳ್ಳಿ. ನಿಮ್ಮ ಮಾತಿಗಿಂತ ಕಂಪನಿಯೇ ಅಚ್ಚು ಹಾಕಿಸಿದ ಆ ಸಾಲಿಗೆ ತೂಕ ಹೆಚ್ಚು.

ಇನ್ನೊಂದು ಸಂಗತಿ ನಿಮ್ಮ ಪತ್ರದಲ್ಲಿಲ್ಲ, ಆದರೆ ಇದ್ದೇ ಇರುತ್ತದೆ ಅಂದುಕೊಂಡಿದ್ದೇನೆ. ಆ ತೋಟ ಗುತ್ತಿಗೆಗೆ ಹೋಗಿದೆಯೇ ವಿಚಾರಿಸಿ. ಮಾವಿನ ಸೀಮೆಯಲ್ಲಿ ಮಾಲೀಕರು ಹೂ ಬಿಡುವ ಮೊದಲೇ, ಕೆಲವರು ಎರಡು ಮೂರು ವರ್ಷಕ್ಕೆ ಒಟ್ಟಿಗೇ, ತೋಟವನ್ನು ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ. ಏನು ಹೊಡೆಯಬೇಕು, ಯಾವಾಗ ಹೊಡೆಯಬೇಕು ಎಂದು ತೀರ್ಮಾನಿಸುವವರು ಆ ಗುತ್ತಿಗೆದಾರರು. ಅವರು ಊರಿನವರಲ್ಲ, ನಿಮ್ಮ ಪೆಟ್ಟಿಗೆ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿಲ್ಲ. ನೀವು ಮಾಲೀಕರ ಮೇಲೆ ಸಿಟ್ಟಾಗುತ್ತೀರಿ, ಮಾಲೀಕರು ತಾವು ಕೈ ಹಾಕದ ಕೆಲಸಕ್ಕೆ ಬೈಸಿಕೊಳ್ಳುತ್ತಾರೆ. ಗುತ್ತಿಗೆ ಮಾತುಕತೆ ಆಗುವಾಗಲೇ ‘ಹೂ ಪೂರ್ತಿ ಅರಳಿದಾಗ ಎಣ್ಣೆ ಹೊಡೆಯುವಂತಿಲ್ಲ, ಹೊಡೆಯುವ ಹಿಂದಿನ ದಿನ ತಿಳಿಸಬೇಕು’ ಎಂಬ ಒಂದು ಸಾಲು ಕಾಗದಕ್ಕೆ ಸೇರಿಸುವಂತೆ ಮಾಲೀಕರನ್ನು ಕೇಳಿಕೊಳ್ಳಿ. ಗ್ರಾಮಸಭೆಯ ನೂರು ಠರಾವಿಗಿಂತ ಈ ಒಂದು ಸಾಲಿಗೆ ಬೆಲೆ ಜಾಸ್ತಿ ಎಂಬುದು ನನ್ನ ಅನಿಸಿಕೆ.

ಕೇಳುವಾಗ ‘ಎಣ್ಣೆ ಹೊಡೆಯಲೇಬೇಡಿ’ ಎನ್ನಬೇಡಿ. ಫಸಲು ಕಳೆದುಕೊಳ್ಳಿ ಎಂದು ಹೇಳಿದಂತಾಗುತ್ತದೆ, ಮಾತು ಅಲ್ಲಿಗೇ ಮುರಿಯುತ್ತದೆ. ಅವರಿಗೆ ನಷ್ಟವಾಗದ್ದನ್ನು ಕೇಳಿ. ಗೊಂಚಲು ಹೊರಡುತ್ತಿರುವಾಗ, ಹೂ ಅರಳುವ ಮೊದಲು ಒಂದು ಸಲ ಹೊಡೆಯಲಿ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಬೇಕಿದ್ದರೆ ಇನ್ನೊಂದು ಸಲ. ನಡುವೆ, ಹೂ ಅರಳಿರುವಷ್ಟು ದಿನ ಬಿಡಲಿ. ಮಾವಿನ ಪರಾಗ ಅಂಟು ಜಾತಿಯದು, ಗಾಳಿಗೆ ಹಾರಿ ಹೋಗಿ ಕಾಯಿ ಕಟ್ಟಿಸುವುದಿಲ್ಲ. ನೊಣ, ಜೇನು, ಮುಜಂಟಿ (ಕುಟುಕದ ಸಣ್ಣ ಜೇನು) ಓಡಾಡಿದರೆ ಮಾತ್ರ ಕಾಯಿ. ಹೂವಿನಲ್ಲಿ ಹೊಡೆದರೆ ಜಿಗಿಹುಳುವಿನ ಜೊತೆ ಕಾಯಿ ಕಟ್ಟಿಸುವವರೂ ಸಾಯುತ್ತಾರೆ. ಇದು ಅವರ ಲಾಭದ ಮಾತು, ಅದನ್ನೇ ಮುಂದಿಡಿ. ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ನಿಮ್ಮ ಕಡೆಯ ಮಾತಿನಲ್ಲೇ ಕೇಳಿ: ‘ಕಾಕಾ, ಎಣ್ಣಿ ಹೊಡಿಬ್ಯಾಡ್ರಿ ಅಂತ ಹೇಳಾಕ ಬಂದಿಲ್ರಿ. ಹೊಡಿಯೂದರ ಹಿಂದಿನ ದಿನ ನಮಗೊಂದು ಫೋನ್ ಹಚ್ಚರಿ, ಅಷ್ಟ ಸಾಕು.’ ಹೋಗುವಾಗ ಒಂದು ಬಾಟಲಿ ಜೇನು ಕೈಯಲ್ಲಿರಲಿ. ಅವರ ತೋಟದ ಹೂವಿನದೂ ಅದರಲ್ಲಿದೆ, ಅವರ ಪಾಲು ಎಂದೇ ಕೊಡಿ.

ಸಂಜೆ ಹೊಡೆಯಿರಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಬರುತ್ತದೆ. ಅದರ ಮಿತಿ ತಿಳಿದಿರಿ. ಬೇವಿನ ಮೂಲದ ಔಷಧ, ಸ್ಪಿನೋಸಾಡ್‌ನಂಥವು ಹಸಿಯಿರುವಾಗ ಜೇನಿಗೆ ತಾಗಬಾರದು. ಕತ್ತಲಾಗುವ ಹೊತ್ತಿಗೆ ಹೊಡೆದು ಬೆಳಗ್ಗೆಯೊಳಗೆ ಒಣಗಿದರೆ ಅಪಾಯ ಬಹಳ ಇಳಿಯುತ್ತದೆ. ಆದರೆ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಗಿಡದ ರಸಕ್ಕೇ ಸೇರುವಂಥವು; ಸಂಜೆ ಹೊಡೆದರೂ ಮಾರನೆಯ ದಿನದ ಮಕರಂದದಲ್ಲಿ ಇರುತ್ತವೆ. ಅವಕ್ಕೆ ಸಂಜೆಯ ನಿಯಮ ಸಾಲದು, ಹೂವಿನ ಕಾಲ ಪೂರ್ತಿ ಬಿಡಬೇಕು. ಯುರೋಪಿನ ಒಕ್ಕೂಟ 2018ರಲ್ಲಿ ಇವೆರಡನ್ನೂ ಇದೇ ಜಾತಿಯ ಕ್ಲೋಥಿಯಾನಿಡಿನ್ ಜೊತೆಗೆ ಬಯಲು ಬೆಳೆಗಳಲ್ಲಿ ನಿಷೇಧಿಸಿದ್ದು ಇಂಥ ಕಾರಣಕ್ಕೇ. ಸಂಜೆ ಹೊಡೆಯಲು ಆಳು ಸಿಗುವುದಿಲ್ಲ, ಐದಕ್ಕೆಲ್ಲ ಮನೆಗೆ ಹೊರಡುತ್ತಾರೆ ಎಂದು ತೋಟದವರು ಹೇಳಿದರೆ ಅದೂ ಸುಳ್ಳಲ್ಲ. ಅದಕ್ಕೇ ನಾನು ಗಂಟೆಗಿಂತ ಹೂವಿನ ಹಂತಕ್ಕೆ ಒತ್ತು ಕೊಡಿ ಎನ್ನುವುದು.

ಮಾವು ಮುಗಿದರೆ ನಿಮ್ಮ ಭಾಗದಲ್ಲಿ ಗೋವಿನಜೋಳ. 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ ಸೈನಿಕ ಹುಳುವಿನ ಕಾಟ ಹರಡಿದ ಮೇಲೆ ಗೋವಿನಜೋಳಕ್ಕೂ ಎಣ್ಣೆ ತಪ್ಪಿಲ್ಲ. ಆ ಹುಳು ಇರುವುದು ಸುಳಿಯಲ್ಲಿ; ಗಿಡ ಚಿಕ್ಕದಿರುವಾಗ ಸುಳಿಗೇ ಹೊಡೆದರೆ ಜೇನಿಗೆ ತೊಂದರೆ ಕಡಿಮೆ. ಗಂಡು ಹೂ ಬಂದ ಮೇಲೆ ಮೇಲಿಂದ ಹೊಡೆದರೆ, ಬೆಳಗ್ಗೆ ಪರಾಗಕ್ಕೆ ಬರುವ ಜೇನು ಅದನ್ನೇ ಮರಿಗಳಿಗೆ ಒಯ್ಯುತ್ತದೆ. ಬೀಜೋಪಚಾರದ ಬೀಜವನ್ನೂ ಹಗುರಾಗಿ ತಿಳಿಯಬೇಡಿ. ಜರ್ಮನಿಯ ರೈನ್ ನದಿ ಕಣಿವೆಯಲ್ಲಿ 2008ರ ವಸಂತದಲ್ಲಿ ಗೋವಿನಜೋಳ ಬಿತ್ತುವಾಗ ಬೀಜಕ್ಕೆ ಲೇಪಿಸಿದ್ದ ಕ್ಲೋಥಿಯಾನಿಡಿನ್ ಉದುರಿ, ಬಿತ್ತುವ ಯಂತ್ರದ ಗಾಳಿಗೆ ಧೂಳಾಗಿ ಹಾರಿ ಅಕ್ಕಪಕ್ಕದ ಹೂಗಳ ಮೇಲೆ ಕೂತಿತು. ಸುಮಾರು 11,500 ಜೇನು ಕುಟುಂಬಗಳು ವಿಷಕ್ಕೆ ಸಿಕ್ಕವು. ಅಲ್ಲಿ ಯಾರೂ ಹೂವಿಗೆ ಹೊಡೆದಿರಲಿಲ್ಲ. ಮೆಣಸಿನಗಿಡ, ಹತ್ತಿ ಇರುವ ಕಡೆ ಹೊಡೆತ ವಾರಕ್ಕೊಮ್ಮೆ ಬೀಳುತ್ತದೆ. ಆ ಹೊಲಗಳ ನಡುವೆ ಪೆಟ್ಟಿಗೆ ಇಡಲೇಬೇಡಿ.

ಇನ್ನು ಕಚೇರಿ ಕೆಲಸ. ಮುಂದೆ ಮತ್ತೆ ನೊಣ ಸತ್ತರೆ ಅವತ್ತೇ ಮಾಡಬೇಕಾದದ್ದಿದೆ. ದಿನಾಂಕ ಕಾಣುವಂತೆ ಫೋಟೊ, ವಿಡಿಯೊ ತೆಗೆಯಿರಿ. ಸಾಯುತ್ತಿರುವ ಮತ್ತು ಆಗತಾನೆ ಸತ್ತ ಇನ್ನೂರು ಮುನ್ನೂರು ನೊಣಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಹೊರಗೇ ಇಟ್ಟರೆ ಕೊಳೆಯುತ್ತವೆ, ಪರೀಕ್ಷೆಗೆ ಬಾರವು. ಸುತ್ತ ಯಾರು ಯಾವ ದಿನ ಏನು ಹೊಡೆದರು ಎಂಬುದನ್ನು ಸಂಘದ ವಹಿಯಲ್ಲಿ ಬರೆದಿಡಿ, ಖಾಲಿ ಡಬ್ಬಿ ಸಿಕ್ಕರೆ ಅದರ ಫೋಟೊ ಸಹಿತ. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ ಮತ್ತು ತಾಲ್ಲೂಕಿನ ತೋಟಗಾರಿಕೆ ಅಧಿಕಾರಿ ಇಬ್ಬರಿಗೂ ಬರಹದಲ್ಲಿ ದೂರು ಕೊಟ್ಟು, ಪ್ರತಿಗೆ ಸ್ವೀಕೃತಿಯ ಸಹಿ ಪಡೆಯಿರಿ. ಮಾದರಿಯನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಕಳಿಸುವುದು ಒಳ್ಳೆಯದು. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಪೀಡೆನಾಶಕ ಶೇಷ ಪರೀಕ್ಷಿಸುವ ಪ್ರಯೋಗಾಲಯವಿದೆ. ಏನು ಪರೀಕ್ಷೆ ಮಾಡಿಸಬೇಕು ಎಂದು ಕೇಂದ್ರದವರೇ ಬರೆದುಕೊಟ್ಟರೆ ಕೆಲಸ ಸಲೀಸು. ಪರಿಹಾರ ಬರುತ್ತದೆಂಬ ಆಸೆಯಿಂದ ಇದನ್ನು ಮಾಡಬೇಡಿ. ದಾಖಲೆ ಇಲ್ಲದ ಸಾವು ಸರ್ಕಾರದ ಲೆಕ್ಕದಲ್ಲಿ ಸಾವೇ ಅಲ್ಲ, ಅದಕ್ಕಾಗಿ ಮಾಡಿ.

ಆ ದಾಖಲೆಗೆ ಕಾನೂನಿನಲ್ಲಿ ಜಾಗವಿದೆ. 1968ರ ಕೀಟನಾಶಕ ಕಾಯ್ದೆಯ 27ನೇ ಕಲಂ ಪ್ರಕಾರ, ಜನರಿಗೆ ಅಥವಾ ಪ್ರಾಣಿಗಳಿಗೆ ಅಪಾಯವಿದೆ ಎನಿಸಿದರೆ ರಾಜ್ಯ ಸರ್ಕಾರವೇ ಒಂದು ಕೀಟನಾಶಕದ ಮಾರಾಟ, ಬಳಕೆಯನ್ನು 60 ದಿನ ತಡೆಯಬಹುದು. ಪ್ರಾಣಿ ಎಂದರೆ ಮನುಷ್ಯರಿಗೆ ಉಪಯುಕ್ತವಾದ ಪ್ರಾಣಿ ಎಂದೇ ಕಾಯ್ದೆಯ ವ್ಯಾಖ್ಯೆ. ಜೇನಿಗಿಂತ ಉಪಯುಕ್ತವಾದದ್ದು ಯಾವುದಿದೆ? ಎಂಡೋಸಲ್ಫಾನ್ ವಿಷಯ ನೆನಪಿಸಿಕೊಳ್ಳಿ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಸುತ್ತಲಿನ ಜನ ವರ್ಷಗಟ್ಟಲೆ ಹೇಳಿದ ಮೇಲೆ 2011ರ ಫೆಬ್ರುವರಿಯಲ್ಲಿ ರಾಜ್ಯ ಅದನ್ನು ನಿಲ್ಲಿಸಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ಒಂದು ಸಂಘದ ಒಂದು ಅರ್ಜಿಯಿಂದ ಅಂಥದ್ದು ಆಗುವುದಿಲ್ಲ. ಅಕ್ಕಪಕ್ಕದ ತಾಲ್ಲೂಕಿನ ಜೇನು ಸಾಕುವವರ ವಹಿಗಳೆಲ್ಲ ಒಟ್ಟಾದರೆ ಆಗುತ್ತದೆ.

ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂದೊಂದು ಇರಲೇಬೇಕು, 2002ರ ಜೀವವೈವಿಧ್ಯ ಕಾಯ್ದೆ ಹಾಗೆನ್ನುತ್ತದೆ. ಬಹಳ ಕಡೆ ಕಾಗದದ ಮೇಲಷ್ಟೇ ಇರುತ್ತದೆ. ಸಮಿತಿಯಲ್ಲಿ ಮಹಿಳೆಯರಿಗೆ ಸ್ಥಾನವಿದೆ, ನಿಮ್ಮ ಸಂಘದವರೊಬ್ಬರು ಒಳಗೆ ಹೋಗಲಿ. ಊರಿನ ತುಡುವೆ ಹುತ್ತಗಳು, ಹೆಜ್ಜೇನು ಕಟ್ಟುವ ಮರಗಳು, ಕೋಲುಜೇನು, ಮುಜಂಟಿ ಎಲ್ಲಿವೆ ಎಂಬುದು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಲಿ. ಔಷಧದ ಅಂಗಡಿಯನ್ನೂ ಮರೆಯಬೇಡಿ. ರೈತ ಮೊದಲು ಸಲಹೆ ಕೇಳುವುದು ಅಲ್ಲಿಯೇ. ‘ಹೂವಿದ್ದಾಗ ಇವು ಬೇಡ’ ಎಂದು ನಾಲ್ಕು ಔಷಧದ ಹೆಸರು ದಪ್ಪಕ್ಷರದಲ್ಲಿ ಬರೆದ ಒಂದು ಹಾಳೆಯನ್ನು ಅಂಗಡಿ ಗೋಡೆಗೆ ಅಂಟಿಸಲು ಒಪ್ಪಿಸಿ.

ಕೊನೆಗೆ ಉಳಿದ ಪೆಟ್ಟಿಗೆಗಳ ಕಡೆ ಬರೋಣ. ಎಲ್ಲವನ್ನೂ ಒಂದೇ ಜಾಗದಲ್ಲಿ ಇಟ್ಟಿದ್ದರಿಂದಲೇ ಒಂದೇ ಹೊಡೆತಕ್ಕೆ ಅರ್ಧಕ್ಕಿಂತ ಹೆಚ್ಚು ಹೋದವು. ಮೂರು ಜಾಗಕ್ಕೆ ಹಂಚಿ, ಒಂದಕ್ಕೊಂದು ಕನಿಷ್ಠ ಎರಡು ಕಿಲೋಮೀಟರ್ ದೂರ ಇರಲಿ. ಮಾವಿನ ಹೂವಿನ ಕಾಲಕ್ಕೆ ಒಂದಷ್ಟನ್ನು ಮುಂಡಗೋಡ ಕಡೆಯ ಕಾಡಂಚಿಗೆ ಸಾಗಿಸಬಹುದು. ನಾಳೆ ಎಣ್ಣೆ ಹೊಡೆಯುತ್ತಾರೆ ಎಂದು ಫೋನ್ ಬಂದರೆ ಕತ್ತಲಾದ ಮೇಲೆ ಬಾಗಿಲಿಗೆ ಸಣ್ಣ ಕಣ್ಣಿನ ತಂತಿ ಬಲೆ ಹಾಕಿ, ಮೇಲೆ ಒದ್ದೆ ಗೋಣಿತಾಟು ಹೊದೆಸಿ, ಒಳಗೆ ಪಾಕ ಇಡಿ. ಮಾರನೆಯ ದಿನ ಬಿಸಿಲೇರಿದ ಮೇಲೂ ಮುಚ್ಚಿಯೇ ಇಡಬೇಕೆಂದರೆ ನೆರಳಿಗೆ ಒಯ್ಯಿರಿ, ಗೋಣಿ ಒಣಗಲು ಬಿಡಬೇಡಿ. ಕಾವು ಹೆಚ್ಚಿದರೆ ಮೇಣ ಕರಗಿ ಎರಿಯೇ (ಕೋಶಗಳಿರುವ ಮೇಣದ ಹಲ್ಲೆ) ಕುಸಿಯುತ್ತದೆ, ಬಾಗಿಲು ತೆಗೆದ ಕೂಡಲೇ ಕುಟುಂಬ ಹಾರಿಹೋಗುತ್ತದೆ. ಒಂದು ದಿನಕ್ಕಿಂತ ಹೆಚ್ಚು ಮುಚ್ಚುವುದು ಬೇಡ. ಪೆಟ್ಟಿಗೆ ಹತ್ತಿರವೇ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ, ಕೂರಲು ಕಲ್ಲು ಇಡಿ. ಪಂಪು ತೊಳೆದ ಕಾಲುವೆ ನೀರು ಕುಡಿದು ಸಾಯುವ ನೊಣಗಳೂ ಕಡಿಮೆಯಲ್ಲ.

ಹಾಳಾದ 11 ಪೆಟ್ಟಿಗೆಯ ಎರಿಗಳನ್ನು ಮತ್ತೆ ಬಳಸಬೇಡಿ. ಕೂಡಿಟ್ಟ ಪರಾಗದಲ್ಲಿ, ಮೇಣದಲ್ಲಿ ವಿಷ ಉಳಿದಿರುತ್ತದೆ. ಹೊಸ ಕುಟುಂಬ ಅದನ್ನೇ ಮರಿಗೆ ಉಣಿಸುತ್ತದೆ. ಎರಿ ಕೊಯ್ದು ಗುಂಡಿಯಲ್ಲಿ ಹೂತು, ಆ ಪೆಟ್ಟಿಗೆಗಳ ಜೇನನ್ನು ಮಾರದೆ ಅದನ್ನೂ ಅಲ್ಲೇ ಚೆಲ್ಲಿ. ಮರವನ್ನು ಕೆರೆದು, ತೊಳೆದು, ನಾಲ್ಕು ದಿನ ಬಿಸಿಲಿಗಿಟ್ಟು, ಚೌಕಟ್ಟಿಗೆ ಒಳ್ಳೆಯ ಕುಟುಂಬದ ಹಳೇ ಮೇಣ ಸವರಿ ಕಾಡಂಚಿನ ಮರದ ಕೆಳಗೆ ನೆರಳಲ್ಲಿಡಿ. ಕುಟುಂಬ ಒಡೆದು ಪಾಲಾಗುವ ಕಾಲದಲ್ಲಿ ಜಾಗ ಹುಡುಕುತ್ತ ಬರುವ ತುಡುವೆ ಅದರೊಳಗೆ ತಾನಾಗಿ ಸೇರಬಹುದು. ಅದಕ್ಕೆ ಕಾಯುತ್ತ ಕೂರದೆ, ಉಳಿದ 9ರಲ್ಲಿ ಬಲವಾಗಿರುವ ಮೂರು ನಾಲ್ಕನ್ನು ಮಳೆ ಕಳೆದು ಹೂ ಹೆಚ್ಚಾದ ಮೇಲೆ ಪಾಲು ಮಾಡಿಕೊಳ್ಳಿ. ಹೊಸ ಕುಟುಂಬ ಕೊಳ್ಳಲು ಹಣ ಹಾಕುವುದು ತೋಟದವರೊಡನೆ ಮಾತು ಮುಗಿದ ಮೇಲೆಯೇ ಆಗಲಿ.